‘ಊಟ ಆಯ್ತು’ ಎನ್ನುವ ಮಕ್ಕಳಿಗೆ ಚಿಕಿತ್ಸೆ ಎಲ್ಲಿದೆ?

ಕೋಲಾರ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ ಮಗಳು ಉಣ್ಣುವುದನ್ನು ಬಿಟ್ಟರೆ ಮನೆಯವರಿಗೆ ಮೊದಲು ನೆನಪಾಗುವುದು ಟಿ.ಬಿ., ಆಮೇಲೆ ಗ್ಯಾಸ್ಟ್ರಿಕ್, ಕೊನೆಗೆ ದೃಷ್ಟಿ. ಜೀವ ತೆಗೆಯಬಲ್ಲ ಈಟಿಂಗ್ ಡಿಸಾರ್ಡರ್, ಅಂದರೆ ತಿನ್ನುವ ರೀತಿಯೇ ಕೆಡುವ ಮನಸ್ಸಿನ ಕಾಯಿಲೆ, ಆ ಪಟ್ಟಿಯಲ್ಲೇ ಇರುವುದಿಲ್ಲ. ಅದಕ್ಕೆ ಚಿಕಿತ್ಸೆ ಇದೆ, ಅದೂ ಒಂದು ರೈಲಿನ ದೂರದಲ್ಲಿ. ಆದರೆ ರೋಗಿಯ ಭಾಷೆ, ತಟ್ಟೆ, ಮೈಕಟ್ಟು, ಮನೆತನ ಯಾವುದನ್ನೂ ಹೀಗಳೆಯದ ಚಿಕಿತ್ಸೆ ಮಾತ್ರ ನಾಟುತ್ತದೆ. ಅದನ್ನು ಹುಡುಕುವ ದಾರಿ ಇಲ್ಲಿದೆ.

ಬೆಳಕು ಹರಿಯುವ ಮೊದಲೇ ಆಂಡರ್ಸನ್‌ಪೇಟೆಯ ಅಡುಗೆಮನೆಗಳಲ್ಲಿ ಕುಕ್ಕರ್ ಕೂಗುತ್ತದೆ. ಮಾರಿಕುಪ್ಪಂನಿಂದ ಹೊರಡುವ ರೈಲು ಯಾರಿಗೂ ಕಾಯುವುದಿಲ್ಲ. ಬೆಂಗಳೂರಿನ ಕೆಲಸಕ್ಕೆ, ಕಾಲೇಜಿಗೆ ಹೊರಟವರ ಚೀಲಕ್ಕೆ ಬಿಸಿ ಅನ್ನದ ಡಬ್ಬಿ ಬೀಳುತ್ತದೆ. ಚಾಂಪಿಯನ್, ಊರಿಗಾಂ, ಕೋರಮಂಡಲ ದಾಟಿ ಬಂಗಾರಪೇಟೆ ಬರುವಷ್ಟರಲ್ಲಿ ಬೋಗಿಯಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ.

ರಾತ್ರಿ ಡಬ್ಬಿ ಖಾಲಿಯಾಗಿ ಮರಳುತ್ತದೆ. ‘ಊಟ ಆಯ್ತಾ?’ ಎಂದು ಒಂದು ಮನೆ ಕೇಳುತ್ತದೆ, ‘ಸಾಪ್ಟಿಯಾ?’ ಎಂದು ಪಕ್ಕದ ಮನೆ, ‘ತಿನ್ನಾವಾ?’ ಎಂದು ಎದುರು ಮನೆ. ಉತ್ತರ ಎಲ್ಲ ಕಡೆಯೂ ಒಂದೇ: ಆಯ್ತು.

ಕೆಲವು ಮನೆಗಳಲ್ಲಿ ಆ ಉತ್ತರ ಸುಳ್ಳು. ಅನ್ನ ಗೆಳತಿಯರ ಪಾಲಾಗಿರುತ್ತದೆ, ಇಲ್ಲವೇ ಕಸದ ಬುಟ್ಟಿಯ ಪಾಲು. ಇನ್ನು ಕೆಲವು ಮನೆಗಳಲ್ಲಿ ಡಬ್ಬಿಯ ಊಟವೂ ಮುಗಿದು, ಎಲ್ಲರೂ ಮಲಗಿದ ಮೇಲೆ ಕತ್ತಲಲ್ಲಿ ಹೊಟ್ಟೆ ನೋಯುವಷ್ಟು ತಿಂದು ಅಳುವ ಜೀವವೊಂದು ಇರುತ್ತದೆ. ಎರಡೂ ಕಾಯಿಲೆಯೇ. ಎರಡಕ್ಕೂ ಚಿಕಿತ್ಸೆ ಇದೆ.

2016ರಿಂದ ಜೂನ್ 2ನ್ನು ಈಟಿಂಗ್ ಡಿಸಾರ್ಡರ್‌ಗಳ ಕುರಿತ ವಿಶ್ವ ಕ್ರಿಯಾ ದಿನವಾಗಿ ಆಚರಿಸಲಾಗುತ್ತಿದೆ. ಗಣಿನಾಡಿನಲ್ಲಿ ಜೂನ್ ಎಂದರೆ ಹೊಸ ಕಾಲೇಜು, ಹೊಸ ರೈಲು ಪಾಸು. ಮಕ್ಕಳು ದಿನದ ಹೆಚ್ಚಿನ ಹೊತ್ತನ್ನು, ಹೆಚ್ಚಿನ ಊಟವನ್ನು ಮನೆಯವರ ಕಣ್ಣಿನಾಚೆ ಕಳೆಯಲು ಶುರುಮಾಡುವ ತಿಂಗಳು. ಹದಿಹರೆಯದಲ್ಲೇ ಹೆಚ್ಚಾಗಿ ಮೊಳೆಯುವ ಈ ಕಾಯಿಲೆಯ ಬಗ್ಗೆ ಮಾತಾಡಲು ಇದಕ್ಕಿಂತ ಸರಿಯಾದ ಹೊತ್ತು ಇಲ್ಲ.

ಕಾಯಿಲೆ ಒಂದಲ್ಲ

ಅನೊರೆಕ್ಸಿಯಾ ಇರುವವರು ತಿನ್ನುವುದನ್ನು ಕುಗ್ಗಿಸುತ್ತಲೇ ಹೋಗುತ್ತಾರೆ. ಮೈ ಸೊರಗಿದಷ್ಟೂ ಇನ್ನೂ ಸೊರಗಬೇಕೆಂಬ ಒತ್ತಡ ಒಳಗಿನಿಂದ ಬೆಳೆಯುತ್ತದೆ. ಬುಲಿಮಿಯಾದಲ್ಲಿ ಹಿಡಿತ ತಪ್ಪಿ ತಿನ್ನುವುದು, ಆಮೇಲೆ ಭಯಬಿದ್ದು ತಿಂದದ್ದನ್ನು ಕಳೆದುಕೊಳ್ಳಲು ಹೆಣಗುವುದು ಒಂದರ ಹಿಂದೊಂದು ಸುತ್ತುತ್ತವೆ. ಬಿಂಜ್ ಈಟಿಂಗ್‌ನಲ್ಲಿ ಅತಿಯಾಗಿ ತಿನ್ನುವುದೂ ಅದರ ನಾಚಿಕೆಯೂ ಇರುತ್ತವೆ, ಹೊರಹಾಕುವ ಪ್ರಯತ್ನ ಇರುವುದಿಲ್ಲ. ಆರ್ಫಿಡ್ ಎಂದು ಕರೆಯುವ ನಾಲ್ಕನೆಯ ಬಗೆಯಲ್ಲಿ ತೂಕದ ಚಿಂತೆಯೇ ಇಲ್ಲ. ವಾಸನೆ ಹಿಡಿಸದು, ಬಾಯಿಗೆ ತಾಗಿದ್ದು ಹಿಡಿಸದು, ಗಂಟಲಲ್ಲಿ ಸಿಕ್ಕಿಕೊಂಡೀತೆಂಬ ದಿಗಿಲು, ಹೀಗೆ ಬೇರೆ ಕಾರಣಗಳಿಂದ ಊಟ ಕಿರಿದಾಗುತ್ತದೆ.

ಈ ಹೆಸರುಗಳಿಗೆ ಹೆಚ್ಚು ವಯಸ್ಸಾಗಿಲ್ಲ. ಅನೊರೆಕ್ಸಿಯಾವನ್ನು ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಲಾಸೆಗ್ 1873ರ ಸುಮಾರಿಗೆ ಬೇರೆಬೇರೆಯಾಗಿ ಬಣ್ಣಿಸಿದರು. ಬುಲಿಮಿಯಾಕ್ಕೆ ಜೆರಾಲ್ಡ್ ರಸೆಲ್ 1979ರಲ್ಲಿ ಹೆಸರಿಟ್ಟರು. ಬಿಂಜ್ ಈಟಿಂಗ್ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಸ್ವತಂತ್ರ ಕಾಯಿಲೆಯಾಗಿ ಸೇರಿದ್ದು 2013ರಲ್ಲಿ. ನಲವತ್ತು ದಾಟಿದ ಎಷ್ಟೋ ವೈದ್ಯರು ಓದುವಾಗ ಅದು ಪಠ್ಯದಲ್ಲೇ ಇರಲಿಲ್ಲ.

ಮನಸ್ಸಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಅನೊರೆಕ್ಸಿಯಾ ನಿಲ್ಲುತ್ತದೆ. ಸಾವು ಬರುವುದು ಹೃದಯದ ಲಯ ತಪ್ಪಿ, ಲವಣಾಂಶ ಕುಸಿದು, ಅಥವಾ ಆತ್ಮಹತ್ಯೆಯಿಂದ. ಹಟಮಾರಿತನವೆಂದೋ ಫ್ಯಾಷನ್ನಿನ ಹುಚ್ಚೆಂದೋ ತಳ್ಳಿಹಾಕುವ ಮೊದಲು ಮನೆಯವರು ಈ ಮಾತನ್ನು ತಿಳಿದಿರಬೇಕು.

ಗಣಿನಾಡಿನ ಕಣ್ಣಿಗೆ ಕಾಣದ್ದು

ಸೊರಗಿದ ಮೈಯನ್ನು ಕೆಜಿಎಫ್ ಚೆನ್ನಾಗಿ ಬಲ್ಲದು. ನೆಲದಡಿಯ ಕಲ್ಲುಪುಡಿ ಉಸಿರಾಡಿದವರ ಶ್ವಾಸಕೋಶ ಸಿಲಿಕೋಸಿಸ್‌ನಿಂದ ಗಟ್ಟಿಯಾಗುತ್ತಿತ್ತು, ಬೆನ್ನಿಗೇ ಕ್ಷಯ ಬರುತ್ತಿತ್ತು. 1940ರ ದಶಕದಲ್ಲಿ ಇಲ್ಲಿಯ ಗಣಿ ಕಾರ್ಮಿಕರ ಮೇಲೆ ನಡೆದ ದೊಡ್ಡ ತಪಾಸಣೆಯಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಲ್ಲಿ ಸಿಲಿಕೋಸಿಸ್ ಕಂಡುಬಂದಿತ್ತು. ಅಜ್ಜ ಕೆಮ್ಮಿ ಕರಗಿದ್ದನ್ನು ಕಂಡ ಮನೆಯಲ್ಲಿ ಮೊಮ್ಮಗಳು ಸೊರಗಿದಾಗ ಎದೆಯ ಎಕ್ಸ್‌ರೇ ತೆಗೆಸಲು ಓಡುವುದು ಸಹಜ. ಎಕ್ಸ್‌ರೇ ಸ್ವಚ್ಛವಾಗಿ ಬಂದರೆ ‘ಏನೂ ಇಲ್ಲ’ ಎಂಬ ಸಮಾಧಾನ. ತೊಡಕು ಶುರುವಾಗುವುದು ಅಲ್ಲಿ.

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಸಂಬಳದೊಂದಿಗೆ ಕಂಪನಿ ಆಸ್ಪತ್ರೆಯ ಆಸರೆಯೂ ಹೋಯಿತು. ಅಲ್ಲಿಂದೀಚೆಗೆ ತಲೆನೋವಿಗಿಂತ ದೊಡ್ಡದೇನೇ ಬಂದರೂ ಊರಿನವರು ಕೋಲಾರಕ್ಕೋ ಬೆಂಗಳೂರಿಗೋ ವೆಲ್ಲೂರಿಗೋ ಹೊರಡುವುದು ರೂಢಿಯಾಗಿದೆ.

ಈಟಿಂಗ್ ಡಿಸಾರ್ಡರ್ ಶ್ರೀಮಂತ ಹುಡುಗಿಯರ ಕಾಯಿಲೆ ಎಂಬ ನಂಬಿಕೆ ಡಾಕ್ಟರುಗಳಲ್ಲೂ ಇದೆ. ಅದು ನಿಜವಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಉಚಿತ ಆಹಾರ ಕೇಂದ್ರಗಳಿಗೆ ಬರುವ ಬಡವರನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮನೆಯಲ್ಲಿ ಆಹಾರದ ಅಭದ್ರತೆ ಹೆಚ್ಚಿದಂತೆ ಹಿಡಿತ ತಪ್ಪಿ ತಿನ್ನುವ ಲಕ್ಷಣವೂ ಹೆಚ್ಚಿತ್ತು. ತಿಂಗಳ ಕೊನೆಗೆ ಡಬ್ಬಗಳು ಬರಿದಾಗಿ, ಸಂಬಳದ ದಿನ ತುಂಬುವ ಮನೆಯಲ್ಲಿ ದೇಹ ಸಿಕ್ಕಾಗ ತುಂಬಿಕೊಳ್ಳುವುದನ್ನು ಕಲಿಯುತ್ತದೆ. ಗಣಿ ಮುಚ್ಚಿದ ಊರಿಗೆ ಈ ಸಂಗತಿ ಬಹಳ ಹತ್ತಿರದ್ದು.

‘ದಪ್ಪ ಆಗ್ತೀನಿ’ ಎನ್ನದ ರೋಗಿ

ಪಾಶ್ಚಾತ್ಯ ಪುಸ್ತಕದ ರೋಗಿ ದಪ್ಪಗಾಗುವ ಭಯದಿಂದ ಊಟ ಬಿಡುತ್ತಾಳೆ. ಏಷ್ಯಾದಲ್ಲಿ ಈ ಚಿತ್ರ ಪೂರ್ತಿ ಹೊಂದುವುದಿಲ್ಲ ಎಂಬುದನ್ನು ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ 1990ರ ದಶಕದಲ್ಲಿ ತೋರಿಸಿಕೊಟ್ಟರು. ಅವರ ಹಲವು ರೋಗಿಗಳಿಗೆ ತೂಕದ ಭಯ ಇರಲಿಲ್ಲ; ಹೊಟ್ಟೆ ಉಬ್ಬರ, ಹಸಿವಿಲ್ಲ, ಊಟ ಸೇರುವುದಿಲ್ಲ ಎಂಬುದಷ್ಟೇ ದೂರು. 1995ರಲ್ಲಿ ಭಾರತದ ವೈದ್ಯರು ವರದಿ ಮಾಡಿದ ಪ್ರಕರಣಗಳಲ್ಲೂ ಊಟ ನಿರಾಕರಣೆ, ವಾಂತಿ, ವಿಪರೀತ ತೂಕ ಇಳಿತ ಇದ್ದವು, ಪುಸ್ತಕದಲ್ಲಿದ್ದ ಭಯ ಸ್ಪಷ್ಟವಾಗಿರಲಿಲ್ಲ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಿಂದ 2007ರಲ್ಲಿ ಬಂದ ವರದಿಯ ಪ್ರಕಾರ ಅಲ್ಲಿಗೆ ಬಂದ ಮಕ್ಕಳಲ್ಲಿ ಹೆಚ್ಚು ಕಂಡದ್ದು ಮಾನಸಿಕ ಕಾರಣದ ವಾಂತಿ.

ಹೀಗಾಗಿ ‘ಗ್ಯಾಸ್ಟ್ರಿಕ್’ ಮಾತ್ರೆ, ಎಂಡೋಸ್ಕೋಪಿ, ಟಾನಿಕ್ಕುಗಳಲ್ಲಿ ತಿಂಗಳುಗಳು ಸರಿಯುತ್ತವೆ. ‘ತೂಕದ ಭಯ ಇದೆಯೇ?’ ಎಂಬ ಒಂದೇ ಪ್ರಶ್ನೆ ಕೇಳಿ, ಇಲ್ಲವೆಂದಾಗ ಮನೆಗೆ ಕಳಿಸುವ ವೈದ್ಯರು ಅರ್ಧ ರೋಗಿಗಳನ್ನು ಕೈಬಿಟ್ಟಂತೆ.

ಬೆಂಗಳೂರಿಗೆ ಈ ಕಾಯಿಲೆ ಅಪರಿಚಿತವೇನಲ್ಲ. ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು ನಗರದ 66 ಮನೋವೈದ್ಯರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಇಬ್ಬರು ಇಂಥ ಒಂದಾದರೂ ಪ್ರಕರಣವನ್ನು ಕಂಡಿದ್ದರು.

ಮೊದಲು ಅನ್ನ, ಆಮೇಲೆ ಮಾತು

ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಸ್ವಯಂಸೇವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಮೊದಲು ಗಟ್ಟಿ ಮನಸ್ಸಿನವರಾಗಿದ್ದ ಆ ಯುವಕರು ಕ್ರಮೇಣ ಸದಾ ಊಟದ ಬಗ್ಗೆಯೇ ಯೋಚಿಸತೊಡಗಿದರು. ಅಡುಗೆ ಪುಸ್ತಕ ಕೂಡಿಟ್ಟರು, ತಟ್ಟೆಯ ಮುಂದೆ ಗಂಟೆಗಟ್ಟಲೆ ಕೂತರು, ಸಿಡುಕಿದರು, ಜನರಿಂದ ದೂರ ಸರಿದರು. ಪ್ರಯೋಗ ಮುಗಿದ ಮೇಲೂ ಹಲವರಿಗೆ ಊಟದ ಹಿಡಿತ ತಿಂಗಳುಗಟ್ಟಲೆ ಮರಳಲಿಲ್ಲ.

ರೋಗಿಯ ಗುಣ ಎಂದು ಮನೆಯವರು ಬೈಯುವ ಎಷ್ಟೋ ನಡವಳಿಕೆ ಹಸಿದ ಮಿದುಳಿನದು ಎಂಬುದು ಆ ಪ್ರಯೋಗದಿಂದ ಗೊತ್ತಾಯಿತು. ಹಸಿದ ಮಿದುಳಿನೊಂದಿಗೆ ಬಾಲ್ಯದ ನೋವಿನ ಬಗ್ಗೆ ಗಂಟೆಗಟ್ಟಲೆ ಮಾತಾಡಿ ಫಲವಿಲ್ಲ. ಒಳ್ಳೆಯ ಚಿಕಿತ್ಸೆ ಊಟವನ್ನು ನಿಧಾನವಾಗಿ, ವೈದ್ಯರ ಕಣ್ಗಾವಲಿನಲ್ಲಿ ಮರಳಿ ತರುವುದರಿಂದ ಶುರುವಾಗುತ್ತದೆ. ಕಣ್ಗಾವಲು ಏಕೆಂದರೆ, ಬಹುಕಾಲ ಉಪವಾಸವಿದ್ದವರಿಗೆ ಒಮ್ಮೆಲೇ ಹೊಟ್ಟೆತುಂಬ ಉಣಿಸಿದರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಯುದ್ಧಕಾಲದ ಸೆರೆಯಿಂದ ಬಿಡುಗಡೆಯಾದವರಲ್ಲಿ ವೈದ್ಯರು ಇದನ್ನು ಕಂಡರು. ಅಜ್ಜಿ ಪ್ರೀತಿಯಿಂದ ಒಂದೇ ದಿನ ಎಲ್ಲ ಉಣಿಸುವ ಮೊದಲು ರಕ್ತಪರೀಕ್ಷೆ ಆಗಬೇಕು.

ಬಾಕ್ಸ್: ಇವು ಕಂಡರೆ ಅದೇ ದಿನ ಆಸ್ಪತ್ರೆಗೆ
*ತಲೆಸುತ್ತಿ ಬೀಳುವುದು, ಎದೆ ಹೊಡೆದುಕೊಳ್ಳುವುದು ಅಥವಾ ನಾಡಿ ತೀರಾ ನಿಧಾನವಾಗುವುದು, ನೀರೂ ನಿಲ್ಲದ ವಾಂತಿ, ವಾಂತಿಯಲ್ಲಿ ರಕ್ತ, ಕಾಲು ಬಾವು, ಕೈಕಾಲು ತಣ್ಣಗಾಗಿ ನೀಲಿಗಟ್ಟುವುದು, ಕೆಲವೇ ವಾರಗಳಲ್ಲಿ ಮೈ ತೀರಾ ಇಳಿಯುವುದು, ಸಾಯುವ ಮಾತು. ಮನೋವೈದ್ಯರ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಹತ್ತಿರದ ತುರ್ತು ವಿಭಾಗಕ್ಕೆ ಹೋಗಬೇಕು. ಇಸಿಜಿ ಮಾಡಿಸಬೇಕು, ರಕ್ತದಲ್ಲಿ ಪೊಟ್ಯಾಶಿಯಂ, ಫಾಸ್ಫೇಟ್, ಸಕ್ಕರೆ ನೋಡಿಸಬೇಕು. ದಪ್ಪ ಮೈಯವರಿಗೂ ಈ ಅಪಾಯ ಅಷ್ಟೇ ಇದೆ.*

ಮನೆಯೇ ವಾರ್ಡು

ಹದಿಹರೆಯದವರ ಅನೊರೆಕ್ಸಿಯಾಕ್ಕೆ ಇಂದು ಹೆಚ್ಚು ಪುರಾವೆ ಇರುವ ಚಿಕಿತ್ಸೆ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡದ್ದು. ಅಲ್ಲಿಯವರೆಗೆ ತಾಯಿತಂದೆಯರನ್ನೇ ಕಾರಣವೆಂದು ದೂರಿ ಮಗುವನ್ನು ಅವರಿಂದ ಬೇರ್ಪಡಿಸುವುದು ವಾಡಿಕೆಯಾಗಿತ್ತು. ಮಾಡ್ಸ್‌ಲಿಯವರು ಉಲ್ಟಾ ಹೊರಟರು. ತಪ್ಪು ಯಾರದೆಂದು ಹುಡುಕದೆ, ಮಗುವನ್ನು ಉಣಿಸುವ ಹೊಣೆಯನ್ನು ಹೆತ್ತವರ ಕೈಗೇ ಕೊಟ್ಟರು. ಮೊದಲ ಹಂತದಲ್ಲಿ ಏನು, ಎಷ್ಟು, ಯಾವಾಗ ಎಂಬುದನ್ನು ಹೆತ್ತವರೇ ನಿರ್ಧರಿಸಿ ಪಕ್ಕದಲ್ಲಿ ಕೂತು ಉಣಿಸುತ್ತಾರೆ. ಎರಡನೆಯದರಲ್ಲಿ ಹಿಡಿತ ಸ್ವಲ್ಪಸ್ವಲ್ಪವಾಗಿ ಮಗುವಿಗೆ ಮರಳುತ್ತದೆ. ಮೂರನೆಯದರಲ್ಲಿ ಕಾಯಿಲೆಯಿಂದ ನಿಂತುಹೋಗಿದ್ದ ಹದಿಹರೆಯದ ಬದುಕು, ಓದು, ಗೆಳೆತನಗಳ ಮಾತು. ಆರು ತಿಂಗಳಿಂದ ವರ್ಷದವರೆಗೆ ಇದು ನಡೆಯುತ್ತದೆ.

ಈ ವಿಧಾನ ಗಣಿನಾಡಿನ ಮನೆಗೆ ಹೊಂದುತ್ತದೆಯೇ? ಬಹುಮಟ್ಟಿಗೆ ಹೊಂದುತ್ತದೆ. ಅಜ್ಜಿ, ಚಿಕ್ಕಮ್ಮ, ಅಣ್ಣ ಎಂದು ಉಣಿಸುವ ಕೈಗಳು ಇಲ್ಲಿ ಹೆಚ್ಚು. ಆದರೆ ತಾಯಿತಂದೆ ಇಬ್ಬರೂ ನಸುಕಿಗೆ ರೈಲು ಹತ್ತಿ ರಾತ್ರಿ ಮರಳುವ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಯಾರು ಕೂರಬೇಕು? ಇದನ್ನು ಮೊದಲ ಭೇಟಿಯಲ್ಲೇ ಕೇಳಿ, ಶಾಲೆಯ ಟೀಚರನ್ನೋ ನೆರೆಯವರನ್ನೋ ಜೊತೆಗೆ ಸೇರಿಸಿಕೊಳ್ಳುವ ಚಿಕಿತ್ಸಕರು ಬೇಕು. ‘ನೀವು ಕೆಲಸ ಬಿಟ್ಟು ಕೂರಿ’ ಎಂದು ಸುಲಭವಾಗಿ ಹೇಳುವವರಿಂದ ದಿನಗೂಲಿಯ ಮನೆಗೆ ಉಪಯೋಗವಿಲ್ಲ.

ಮನೆಯವರನ್ನು ಚಿಕಿತ್ಸೆಯ ಒಳಗೆ ತರುವುದು ಈ ಸೀಮೆಗೆ ಹೊಸದೂ ಅಲ್ಲ. ವೆಲ್ಲೂರಿನ ಬಾಗಾಯಂನಲ್ಲಿರುವ ಸಿಎಂಸಿಯ ಮಾನಸಿಕ ಆರೋಗ್ಯ ಕೇಂದ್ರ 1957ರಲ್ಲಿ ಶುರುವಾದದ್ದು. ರೋಗಿಯ ಜೊತೆ ಕುಟುಂಬದವರೂ ಉಳಿದುಕೊಂಡು ಚಿಕಿತ್ಸೆಯಲ್ಲಿ ಪಾಲ್ಗೊಳ್ಳುವ ಪದ್ಧತಿಗೆ ಅದು ಹೆಸರಾಗಿದೆ.

ವಯಸ್ಕರ ದಾರಿ ಬೇರೆ. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಸಿಬಿಟಿ-ಇ ಎಂಬ ವಿಧಾನದಲ್ಲಿ ರೋಗಿಯೇ ತನ್ನ ಊಟ, ಆಲೋಚನೆಗಳನ್ನು ಬರೆದಿಡುತ್ತಾ, ದಿನವಿಡೀ ಹೊತ್ತುಹೊತ್ತಿಗೆ ತಿನ್ನುವುದನ್ನು ಮರಳಿ ಕಲಿಯುತ್ತಾರೆ. ಸಾಮಾನ್ಯವಾಗಿ 20 ಭೇಟಿಗಳು. ತೂಕ ತೀರಾ ಇಳಿದಿದ್ದರೆ 40. ಬುಲಿಮಿಯಾ, ಬಿಂಜ್ ಈಟಿಂಗ್‌ಗಳಿಗೆ ಇದರ ಫಲ ಚೆನ್ನಾಗಿದೆ. ಬುಲಿಮಿಯಾಕ್ಕೆ ಫ್ಲುವೊಕ್ಸೆಟಿನ್ ಮಾತ್ರೆಯೂ ನೆರವಾಗುತ್ತದೆ. ಅನೊರೆಕ್ಸಿಯಾವನ್ನು ಗುಣಪಡಿಸುವ ಮಾತ್ರೆ ಇಲ್ಲ. ಹಾಗೆ ಭರವಸೆ ಕೊಟ್ಟು ಹಣ ಕೀಳುವವರಿಂದ ದೂರವಿರುವುದು ಲೇಸು.

ಯಾರ ತಟ್ಟೆ, ಯಾರ ಮೈ

ಚಿಕಿತ್ಸೆ ಅರ್ಧಕ್ಕೇ ನಿಲ್ಲುವುದು ಹೆಚ್ಚಾಗಿ ಅವಮಾನದಿಂದ. ಡಾಕ್ಟರ ಕೊಠಡಿಯಲ್ಲಿ ಬಿದ್ದ ಒಂದು ಮಾತು ಸಾಕು, ಹುಡುಗಿ ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ.

ಅದರಲ್ಲಿ ದೊಡ್ಡ ಪಾಲು ತಟ್ಟೆಯದು. ಗಣಿಗೆ ದುಡಿಯಲು ಬಂದವರಲ್ಲಿ ಬಹಳಷ್ಟು ಮಂದಿ ಉತ್ತರ ಆರ್ಕಾಟ್ ಕಡೆಯ ದಲಿತ ಕುಟುಂಬಗಳವರು. ಜೊತೆಗೆ ತೆಲುಗು ಸೀಮೆಯವರು, ಕನ್ನಡಿಗರು, ಮುಸ್ಲಿಮರು, ಕ್ರೈಸ್ತರು, ಆಂಗ್ಲೋ ಇಂಡಿಯನ್ನರು. ಇವರ ಅಡುಗೆಮನೆಯಲ್ಲಿ ರಾಗಿಮುದ್ದೆ, ಅವರೆಕಾಳು ಸಾರು, ಕರುವಾಡು, ಕೈಮಾ, ಬಿರಿಯಾನಿ, ದನದ ಮಾಂಸ, ಇಡ್ಲಿ ಎಲ್ಲವೂ ಇವೆ. ನಗರದ ಡಯಟ್ ಚೀಟಿಯಲ್ಲಿ ಬರುವುದು ಓಟ್ಸ್, ಬಾದಾಮಿ, ಪನೀರ್. ಅದು ದುಬಾರಿ ಎಂಬುದು ಒಂದು ಕಷ್ಟ. ‘ಇಂಥದ್ದೆಲ್ಲ ತಿಂತೀರಾ?’ ಎಂಬ ಪ್ರಶ್ನೆ ಇನ್ನೂ ದೊಡ್ಡ ಕಷ್ಟ. ಶತಮಾನಗಳಿಂದ ತಿನ್ನುವುದಕ್ಕಾಗಿಯೇ ಹೀಗಳೆಸಿಕೊಂಡ ಸಮುದಾಯದ ಮಗು ಈಗಾಗಲೇ ಅನ್ನದ ಎದುರು ನಾಚಿ ಕೂತಿರುವಾಗ, ಅವಳ ಮನೆಯ ಊಟವನ್ನು ಕೀಳೆಂದು ಸೂಚಿಸುವ ಚೀಟಿ ಕಾಯಿಲೆಗೇ ಬಲ ಕೊಡುತ್ತದೆ. ಮುದ್ದೆಯೂ ಮಾಂಸವೂ ಇರುವ ತಟ್ಟೆಯಿಂದಲೇ ಊಟದ ಯೋಜನೆ ಹಾಕಿಕೊಡುವ ಆಹಾರತಜ್ಞರು ಬೇಕು, ಹಾಗೆಂದು ಕೇಳಬೇಕು. ಚಿಕಿತ್ಸೆಯ ಒಂದು ಹಂತದಲ್ಲಿ ಹೆದರುವ ತಿನಿಸುಗಳನ್ನು ಮತ್ತೆ ತಿನ್ನಲು ಕಲಿಸುತ್ತಾರೆ. ಬಂಗಾರಪೇಟೆಯ ಹೆಸರಾಂತ ಪಾನಿಪುರಿಯನ್ನು ಗೆಳತಿಯರೊಂದಿಗೆ ನಿಂತು ತಿನ್ನುವುದೂ ಅಲ್ಲಿಯ ಹೋಂವರ್ಕ್ ಆಗಬಹುದು.

ಮೈಕಟ್ಟಿನ ಅವಮಾನವೂ ಕಡಿಮೆಯದಲ್ಲ. ದಪ್ಪಗಿರುವವರೂ ಅನೊರೆಕ್ಸಿಯಾದಷ್ಟೇ ಕಠಿಣವಾಗಿ ಊಟ ಬಿಟ್ಟಿರಬಹುದು, ತೂಕ ವೇಗವಾಗಿ ಇಳಿದು ಹೃದಯ ದಣಿದಿರಬಹುದು. ಅಂಥವರಿಗೆ ಸಿಗುವುದು ‘ಪರವಾಗಿಲ್ಲ, ಚೆನ್ನಾಗಿ ಇಳಿದಿದೀಯ’ ಎಂಬ ಶಹಬಾಸ್. ಪಿಸಿಓಡಿಗೆಂದು ಬಂದ ಹುಡುಗಿಗೆ ‘ಮೊದಲು ತೂಕ ಇಳಿಸು’ ಎಂದು ಗದರಿಸಿ ಕಳಿಸುವ ಮುನ್ನ ಅವಳು ಹೇಗೆ ತಿನ್ನುತ್ತಿದ್ದಾಳೆ ಎಂದು ಒಂದು ಮಾತು ಕೇಳುವುದು ವೈದ್ಯರ ಕರ್ತವ್ಯ. ತಕ್ಕಡಿಯ ಅಂಕಿ ಕಂಡು ಕುಸಿಯುವವರನ್ನು ಬೆನ್ನು ತಿರುಗಿಸಿ ನಿಲ್ಲಿಸಿ ತೂಗುವ ಕ್ರಮವಿದೆ. ಅದನ್ನು ಯಾವ ಕ್ಲಿನಿಕ್ಕಿನಲ್ಲಾದರೂ ಕೋರಬಹುದು.

ಗಂಡಸರಿಗೂ ಈ ಕಾಯಿಲೆ ಬರುತ್ತದೆ. ಜಿಮ್ಮಿಗೆ ಹೋಗುವ ಹುಡುಗ ಮನೆಯ ಊಟ ಬಿಟ್ಟು ಪುಡಿ, ಮೊಟ್ಟೆಯ ಬಿಳಿಯಲ್ಲೇ ದಿನ ಕಳೆಯುತ್ತಾ, ಒಂದು ದಿನ ವ್ಯಾಯಾಮ ತಪ್ಪಿದರೆ ನಡುಗುತ್ತಾನೆ ಎಂದರೆ ಅದನ್ನು ಶಿಸ್ತು ಎಂದು ಹೊಗಳಬಾರದು. ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಈ ಕಾಯಿಲೆ ಹೆಚ್ಚು ಎಂದು ಹೊರದೇಶಗಳ ಅಧ್ಯಯನಗಳು ಮತ್ತೆಮತ್ತೆ ತೋರಿಸಿವೆ. ತನ್ನದೆನ್ನಿಸದ ಮೈ ಬೆಳೆಯದಂತೆ ತಡೆಯಲು ಹದಿಹರೆಯದವರು ಊಟ ಬಿಡುವುದುಂಟು. ಅವರಿಗೆ ಬೇಕಾದದ್ದು, ತಾನು ಯಾರೆಂದು ಹೇಳಿಕೊಂಡಾಗ ಹುಬ್ಬೇರಿಸದ ಚಿಕಿತ್ಸಕರು. ಲೈಂಗಿಕತೆಯನ್ನು ‘ಬದಲಾಯಿಸುವ’ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಸಾರಿದೆ. ಅಂಥ ಮಾತೆತ್ತಿದ ಕೊಠಡಿಯಿಂದ ಎದ್ದು ಬರಬೇಕು.

ಉಪವಾಸದ ಪ್ರಶ್ನೆಗೆ ಸೂಕ್ಷ್ಮ ಬೇಕು. ಒಂದೇ ಬೀದಿಯಲ್ಲಿ ಶುಕ್ರವಾರದ ಒಪ್ಪತ್ತು, ಲೆಂಟ್, ರಂಜಾನ್ ನಡೆಯುವ ಊರಿದು. ವ್ರತವನ್ನೇ ರೋಗವೆನ್ನುವ ಚಿಕಿತ್ಸಕರು ಭಕ್ತರನ್ನು ಕಳೆದುಕೊಳ್ಳುತ್ತಾರೆ. ವ್ರತವೆಂದ ಕೂಡಲೇ ಸುಮ್ಮನಾಗುವವರು ರೋಗಿಯನ್ನೇ ಕಳೆದುಕೊಳ್ಳುತ್ತಾರೆ. ವ್ರತ ಮುಗಿದ ಮೇಲೆ ಊಟ ಮಾಮೂಲಿಗೆ ಬರುತ್ತದೆಯೇ, ಮನೆಯವರೆಲ್ಲ ಬಿಟ್ಟ ಮೇಲೂ ಒಬ್ಬಳೇ ಮುಂದುವರಿಸುತ್ತಾಳೆಯೇ ಎಂದು ಕೇಳಿದರೆ ಗೊತ್ತಾಗುತ್ತದೆ. ಇಸ್ಲಾಂ, ಕ್ಯಾಥೊಲಿಕ್ ಸಭೆ ಎರಡೂ ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಕೊಟ್ಟಿವೆ. ಅದನ್ನು ಮೌಲ್ವಿ ಅಥವಾ ಪಾದ್ರಿಯ ಬಾಯಿಂದಲೇ ಹೇಳಿಸಿದರೆ ಮನೆಯವರ ಮನಸ್ಸೂ ಹಗುರಾಗುತ್ತದೆ.

ದಾರಿ ಎಲ್ಲಿಂದ?

ಮೊದಲ ಮೆಟ್ಟಿಲು ಫೋನು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ. ದೇಶದ ಈ ಜಾಲಕ್ಕೆ ಬೆಂಗಳೂರಿನ ನಿಮ್ಹಾನ್ಸೇ ಕೇಂದ್ರ. ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲೂ ಮಾತಾಡಬಹುದು. ಆಂಡರ್ಸನ್‌ಪೇಟೆಗೆ ಇದು ದೊಡ್ಡ ಅನುಕೂಲ. ಮನೆಯ ಭಾಷೆಯಲ್ಲಿ ಅಳಲು ಸಾಧ್ಯವಾಗದ ಕಡೆ ಮನಸ್ಸು ಬಿಚ್ಚುವುದು ಕಷ್ಟ.

ಎರಡನೆಯದು ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ಇದರ ಬೇರು ಕರ್ನಾಟಕದಲ್ಲೇ ಇದೆ: 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿ 1996ರಿಂದ ದೇಶಕ್ಕೆ ಹರಡಿತು. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಮನೋಚೈತನ್ಯ ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆಯನ್ನೂ ರಾಜ್ಯ ಮಾಡಿದೆ. ಯಾವ ಮಂಗಳವಾರ ಎಂಬುದನ್ನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಬೇಕು. ಇಲ್ಲಿ ಸಿಗುವುದು ಮೊದಲ ತಪಾಸಣೆ, ರಕ್ತಪರೀಕ್ಷೆ, ಮುಂದಕ್ಕೆ ಕಳಿಸುವ ಚೀಟಿ. ವಾರವಾರದ ದೀರ್ಘ ಥೆರಪಿಯನ್ನು ಇಲ್ಲಿಂದ ನಿರೀಕ್ಷಿಸುವುದು ಆ ವೈದ್ಯರಿಗೆ ನ್ಯಾಯವಲ್ಲ, ಅಷ್ಟು ಜನ ಅವರನ್ನು ಕಾಯುತ್ತಿರುತ್ತಾರೆ.

ಕೋಲಾರದ ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಗಡಿಯಾಚೆ ಕುಪ್ಪಂನಲ್ಲಿ ಪಿಇಎಸ್ ವೈದ್ಯಕೀಯ ಕಾಲೇಜು. ಮೈ ತೀರಾ ಬಳಲಿದ್ದರೆ, ಮೆಡಿಸಿನ್ ಮತ್ತು ಮನೋವೈದ್ಯ ವಿಭಾಗ ಎರಡೂ ಒಂದೇ ಸೂರಿನಡಿ ಇರುವ ಇಂಥ ಆಸ್ಪತ್ರೆಗಳು ಹೆಚ್ಚು ಸುರಕ್ಷಿತ.

ಮುಂದಿನದು ನಿಮ್ಹಾನ್ಸ್. ಮಕ್ಕಳ ಹಾಗೂ ಹದಿಹರೆಯದವರ ಮನೋವೈದ್ಯ ವಿಭಾಗ, ಕ್ಲಿನಿಕಲ್ ಸೈಕಾಲಜಿ, ಮನೋವೈದ್ಯಕೀಯ ಸಮಾಜಕಾರ್ಯ ಮೂರೂ ಅಲ್ಲಿವೆ, ಹಗಲಿರುಳೂ ತುರ್ತು ವಿಭಾಗವಿದೆ. ಬಿಪಿಎಲ್ ಕಾರ್ಡಿನವರಿಗೆ ರಿಯಾಯಿತಿ ಇದೆ, ಕಾರ್ಡನ್ನು ಮರೆಯದೆ ಒಯ್ಯಬೇಕು. ವೆಲ್ಲೂರಿಗಾದರೆ ಬಂಗಾರಪೇಟೆಯಲ್ಲಿ ಹತ್ತಿ ಕಾಟ್ಪಾಡಿಯಲ್ಲಿ ಇಳಿಯುವುದು. ತಮಿಳು ಮನೆಮಾತಿನವರು ಅದನ್ನೇ ಆರಿಸಿಕೊಳ್ಳಬಹುದು.

ಖಾಸಗಿ ಥೆರಪಿಸ್ಟರ ವಿಷಯದಲ್ಲಿ ಎಚ್ಚರ ಬೇಕು. ಕೌನ್ಸೆಲರ್ ಎಂಬ ಫಲಕ ಹಾಕುವವರೆಲ್ಲ ತರಬೇತಾದವರಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ.

ಬಾಕ್ಸ್: ಮೊದಲ ಭೇಟಿಯಲ್ಲೇ ಕೇಳಬೇಕಾದದ್ದು
*ಈಟಿಂಗ್ ಡಿಸಾರ್ಡರ್ ಇರುವವರಿಗೆ ಈ ಮೊದಲು ಚಿಕಿತ್ಸೆ ಕೊಟ್ಟಿದ್ದೀರಾ, ಯಾವ ವಿಧಾನದಲ್ಲಿ? ರಕ್ತಪರೀಕ್ಷೆ, ಇಸಿಜಿ ಯಾರು ನೋಡಿಕೊಳ್ಳುತ್ತಾರೆ? ಮನೆಯವರ ಪಾತ್ರವೇನು? ನಮ್ಮ ಭಾಷೆಯಲ್ಲಿ ಮಾತಾಡುವವರು ಇದ್ದಾರೆಯೇ? ನಮ್ಮ ಮನೆಯ ಅಡುಗೆಯಲ್ಲೇ ಊಟದ ಯೋಜನೆ ಹಾಕಿಕೊಡುತ್ತೀರಾ? ತೂಕ ಇಳಿಸುವುದನ್ನು ಗುರಿ ಮಾಡುತ್ತೀರಾ? ನಡುನಡುವೆ ಫೋನಿನಲ್ಲಿ ಭೇಟಿ ಸಾಧ್ಯವೇ, ಫೀಸು ಎಷ್ಟು? ಈ ಪ್ರಶ್ನೆಗಳಿಗೆ ಸಿಡುಕುವವರ ಬಳಿ ಮುಂದುವರಿಯುವ ಅಗತ್ಯವಿಲ್ಲ.*

ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ಕೋಲಾರ ಜಿಲ್ಲೆಗೆ ಒಂದು ಸ್ಥಾನವಿದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ದೇಶದಲ್ಲಿ ನಡೆಸುವ ಮೊದಲು ನಿಮ್ಹಾನ್ಸ್ ಅದನ್ನು ಪ್ರಾಯೋಗಿಕವಾಗಿ ನಡೆಸಿ ನೋಡಿದ್ದು ಇದೇ ಜಿಲ್ಲೆಯಲ್ಲಿ. ಮನಸ್ಸಿನ ಕಾಯಿಲೆ ಇರುವವರಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರವರೆಗೆ ಇದೆ ಎಂದು ಆ ಸಮೀಕ್ಷೆ ಹೇಳಿತು.

ಕಾನೂನು ಕೊಟ್ಟ ಹಕ್ಕು

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 18ನೆಯ ಕಲಮಿನ ಪ್ರಕಾರ ಸರ್ಕಾರ ನಡೆಸುವ ಅಥವಾ ಹಣ ಕೊಡುವ ಸೇವೆಗಳಿಂದ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು; ಲಿಂಗ, ಲೈಂಗಿಕ ಒಲವು, ಧರ್ಮ, ಸಂಸ್ಕೃತಿ, ಜಾತಿ, ವರ್ಗ, ಅಂಗವೈಕಲ್ಯ ಯಾವುದರ ಮೇಲೂ ತಾರತಮ್ಯ ಮಾಡುವಂತಿಲ್ಲ. ರೋಗಿಯ ಮಾಹಿತಿಯನ್ನು ಗುಟ್ಟಾಗಿ ಇಡಬೇಕು. ಮೈಯ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದು 21ನೆಯ ಕಲಮು ಹೇಳುತ್ತದೆ. ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುವ ರೈಲು ಪ್ರಯಾಣಿಕರಲ್ಲಿ ಎಷ್ಟೋ ಮಂದಿಗೆ ಕಂಪನಿಯ ಕುಟುಂಬ ವಿಮೆ ಇರುತ್ತದೆ. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಆ ಕಾರ್ಡು ಕೆಲಸಕ್ಕೆ ಬರುತ್ತದೆ ಎಂದು ಅವರಿಗೆ ತಿಳಿದಿರಬೇಕು. ನಿರಾಕರಿಸಿದರೆ ಕಾಯ್ದೆಯ ಕಲಮು ಉಲ್ಲೇಖಿಸಿ ಲಿಖಿತ ಕಾರಣ ಕೇಳಬಹುದು.

ಊರಿಗೆ ಮರಳಿದ ಮೇಲೆ

ಆಸ್ಪತ್ರೆಯಿಂದ ಬಂದ ಮೊದಲ ವರ್ಷ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು. ಮದುವೆ ಮನೆಯಲ್ಲಿ ‘ಈಗ ಮೈಕೈ ತುಂಬಿಕೊಂಡಿದೀಯ’ ಎಂದು ಮೆಚ್ಚಿ ಹೇಳುವ ಮಾತೂ ಚುಚ್ಚುತ್ತದೆ. ನೆಂಟರಿಗೆ ಮೊದಲೇ ಹೇಳಿಡುವುದು ಒಳ್ಳೆಯದು: ಮೈಯ ಬಗ್ಗೆ ಒಳ್ಳೆಯದನ್ನೂ ಆಡಬೇಡಿ, ಓದಿನ ಬಗ್ಗೆ, ಕೆಲಸದ ಬಗ್ಗೆ, ನೋಡಿದ ಸಿನಿಮಾದ ಬಗ್ಗೆ ಮಾತಾಡಿ. ಕಾಲೇಜಿಗೆ ಮರಳುವಾಗ ಮಧ್ಯಾಹ್ನದ ಊಟಕ್ಕೆ ಜೊತೆ ಕೂರುವ ಒಬ್ಬ ಗೆಳತಿಗೆ ವಿಷಯ ತಿಳಿದಿದ್ದರೆ ಸಾಕು, ಇಡೀ ತರಗತಿಗೆ ಬೇಕಿಲ್ಲ.

ಪ್ರತಿ ವಾರ ನೂರು ಕಿಲೋಮೀಟರ್ ಹೋಗಿಬರುವುದು ಎಲ್ಲರಿಗೂ ಆಗುವ ಮಾತಲ್ಲ. 2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿದ ಮೇಲೆ ವೈದ್ಯರು ವಿಡಿಯೊದಲ್ಲಿ ನೋಡಿ ಸಲಹೆ ಕೊಡುವುದಕ್ಕೆ ಸ್ಪಷ್ಟ ಚೌಕಟ್ಟು ಬಂದಿದೆ. ತಿಂಗಳಿಗೊಮ್ಮೆ ಬೆಂಗಳೂರು, ಉಳಿದ ವಾರ ಫೋನು, ತೂಕ ಮತ್ತು ರಕ್ತಪರೀಕ್ಷೆ ಮಾತ್ರ ಊರಿನಲ್ಲಿ ಎಂಬ ಏರ್ಪಾಡನ್ನು ಥೆರಪಿಸ್ಟರೊಂದಿಗೆ ಮಾಡಿಕೊಳ್ಳಬಹುದು. ಇಲ್ಲಿ ಯಾರೂ ಮೊದಲೇ ಯೋಚಿಸದ ತೊಡಕು ಜಾಗದ್ದು. ಗಣಿ ಲೈನಿನ ಮನೆಗಳಲ್ಲಿ ಒಂದು ಕೋಣೆಗೂ ಇನ್ನೊಂದಕ್ಕೂ ನಡುವೆ ಪರದೆಯಷ್ಟೇ ಇರುವುದುಂಟು. ಅಮ್ಮ ಕೇಳಿಸಿಕೊಳ್ಳುವಾಗ ಅಮ್ಮನ ಬಗ್ಗೆ ಮಾತಾಡುವುದು ಹೇಗೆ? ಆ ಮುಕ್ಕಾಲು ಗಂಟೆ ಮನೆಯವರು ಹೊರಗೆ ಹೋಗಿಬರುವುದೆಂದು ಮೊದಲೇ ಒಪ್ಪಂದ ಮಾಡಿಕೊಳ್ಳಬೇಕು. ಅದಾಗದಿದ್ದರೆ ಚರ್ಚಿನ ಒಂದು ಕೋಣೆ, ಕಾಲೇಜಿನ ಖಾಲಿ ಕೊಠಡಿ ನೋಡಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ನಲ್ಲಿ ಗುಟ್ಟಾಗಿ ಮಾತಾಡಲು ಜಾಗ ಕೇಳುವುದಕ್ಕೂ ಅವಕಾಶವಿದೆ. ಅಲ್ಲಿಯ ಆಪ್ತಸಮಾಲೋಚಕರು ತೂಕ ನೋಡಿ ಬರೆದಿಟ್ಟು ಬೆಂಗಳೂರಿನ ಥೆರಪಿಸ್ಟರಿಗೆ ತಿಳಿಸಿದರೆ, ಮನೆಯವರು ಪ್ರತಿದಿನ ತಕ್ಕಡಿ ಹಿಡಿದು ನಿಲ್ಲುವ ಜಗಳವೂ ತಪ್ಪುತ್ತದೆ.